ಕರಿಬೋಳ ನುಂಗಿ ಹೆಣ್ಣು ನೋಡಲು ಹೋದದ್ದು

ನಲ್ಲೂರಿಗೆ ಹೆಣ್ಣು ನೋಡಲು ಹೋಗುವುದಕ್ಕೆ ಇನ್ನು ಹತ್ತು ದಿನ ಎನ್ನುವಾಗ ನನಗೆ ಕಾಮಾಲೆ ಬಂತು. ಕುಂದಾಣದಲ್ಲಿ ಎಲ್ಲರ ನಡಿಗೆ, ಕೆಮ್ಮು, ಮೂಗುದನಿ ಅಣಕಿಸಿ ನಗಿಸುತ್ತಿದ್ದವನು ನಾನು. ಈಗ ನನ್ನ ಕಣ್ಣು ನೋಡಿಯೇ ಊರು ನಗತೊಡಗಿತು.

"ಮದ್ವೆಗೆ ಮುಂಚೇನೇ ಅರಿಶಿನ ಹಚ್ಕೊಂಡ್ಬಿಟ್ಟವ್ನೆ! ಏನವಸರ ಲಾ?" ಎಂದ ನನ್ನ ಭಾವ.

ಅವ್ವ ನನ್ನನ್ನು ದೇವನಹಳ್ಳಿಯಲ್ಲಿ ಬೇರು, ನಾರು, ಅಂಟು ಮಾರುವ ಸಾಯ್ಬರ ಅಂಗಡಿಗೆ ಎಳೆದುಕೊಂಡು ಹೋದಳು. ಅವರು ಕರಿಬೋಳದ ಮೂರು ಉಂಡೆ ಕೊಟ್ಟರು. ಲೋಳೆಸರದ ರಸ ಕಾಯಿಸಿ ಒಣಗಿಸಿದ ಕರ್ರಗಿನ ಅಂಟು ಅದು. ಮುರಿದರೆ ಗಾಜಿನ ಹೊಳಪು.

"ಈಲಿ, ಅದೇ ಲಿವರ್ರು, ಸಾಫ್ ಆಗ್ತದೆ ಕಣಪ್ಪಾ. ಇಪ್ಪತ್ತೊಂದು ದಿನ ತುಪ್ಪ ಬಂದ್, ಎಣ್ಣೆ ಬಂದ್. ನಿನ್ ಬಾಯಿನೂ ಬಂದ್!"

ಆ ಕಹಿಯ ಮುಂದೆ ಬೇವು ಬಾಳೆಹಣ್ಣು. ಮೂರು ದಿನ ಚೊಂಬು ಹಿಡಿದು ಹೊಲಕ್ಕೆ ಓಡಿದ್ದೇ ಓಡಿದ್ದು. ನಾಲ್ಕನೆಯ ದಿನ ಆಸ್ಪತ್ರೆಗೆ ಹೋದೆ.

"ಅದು ನಮ್ಮ ಬೀರುವಿನಲ್ಲೂ ಇದೆ. ಭೇದಿ ಆಗ್ಲಿ ಅಂತ ಕೊಡ್ತೀವಿ," ಎಂದರು ಡಾಕ್ಟರು. "ಈಲಿಗೆ ಗುಣ ಮಾಡುತ್ತೆ ಅನ್ನೋಕೆ ಪುರಾವೆ ನಾ ಕಂಡಿಲ್ಲ. ಕಾಮಾಲೆ ಎಷ್ಟೋ ಸಲ ತಾನೇ ಇಳಿಯುತ್ತೆ. ಇನ್ನು ನುಂಗ್ಬೇಡ. ಪಥ್ಯ ಮಾತ್ರ ಬಿಡ್ಬೇಡ, ತುಪ್ಪ ಮುಟ್ಬೇಡ."

ತುಪ್ಪದ ವಿಷಯದಲ್ಲಿ ಮಾತ್ರ ಇಬ್ಬರೂ ಒಂದಾಗಿಬಿಟ್ಟರು!

ನಮ್ಮ ಕಡೆ ಹೆಣ್ಣು ಒಪ್ಪಿಗೆಯಾದರೆ ಗಂಡು ಆ ಮನೆಯ ಸಿಹಿ ತಿನ್ನಬೇಕು. ಬರೀ ನೀರು ಕುಡಿದು ಎದ್ದರೆ ಬೇಡವೆಂದೇ ಅರ್ಥ. ನಲ್ಲೂರಿನ ಹುಡುಗಿ ನೋಡಿದ ಕೂಡಲೇ ನನಗೆ ಹಿಡಿಸಿಬಿಟ್ಟಳು. ಅವಳ ಅಜ್ಜಿ ಎಲೆಗೆ ಬಡಿಸಿದ್ದು ತುಪ್ಪದಲ್ಲಿ ಮುಳುಗಿದ ಒಬ್ಬಟ್ಟು. ನಾನು ಮುಟ್ಟಲಿಲ್ಲ. ಅವಳ ತಂದೆಯ ಮುಖ ಇಳಿಯಿತು.

"ಯಾಕಪ್ಪಾ, ನಮ್ ಮಗು ಒಪ್ಪಿಗೆ ಆಗ್ಲಿಲ್ವಾ?"

ಕಣ್ಣಿನ ಹಳದಿ ಇಳಿದಿತ್ತು, ಕಾಯಿಲೆಯ ಸುದ್ದಿ ಎತ್ತಬೇಡವೆಂದು ಅವ್ವ ದಾರಿಯುದ್ದಕ್ಕೂ ಹೇಳಿದ್ದಳು. ಎತ್ತದಿದ್ದರೆ ಹುಡುಗಿ ಕೈತಪ್ಪಿದಂತೆ.

"ನಾ ಒಪ್ಪಿದೀನಿ ಮಾವ! ನನ್ ಈಲಿ ಒಪ್ತಿಲ್ಲ."

ಎದ್ದು ನಿಂತು ಸಾಯ್ಬರಾದೆ, ಡಾಕ್ಟರಾದೆ, ಕೊನೆಗೆ ಹೊಲಕ್ಕೆ ಓಡುವ ನಾನೇ ಆದೆ. ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಬಾಗಿಲ ಹಿಂದೆ ಕಿಸಕ್ಕನೆ ನಗು.

"ಅಜ್ಜೀ, ಅವ್ರಿಗೆ ಮಜ್ಜಿಗೆ ಅನ್ನ ಬಡ್ಸು," ಎಂದಳು ಹುಡುಗಿ ಒಳಗಿಂದಲೇ.

"ಅದು ಸಿಹಿ ಅಲ್ವಲ್ಲೇ!"

"ಪಕ್ಕಕ್ಕೆ ಒಂಚೂರು ಬೆಲ್ಲ ಇಡು."

ಒಂದು ಚೂರು ಸಾಕಿತ್ತು. ಅವಳ ತಂದೆಗೆ ಅನುಮಾನ ಉಳಿಯಬಾರದೆಂದು ನಾನು ಇಡೀ ಬೆಲ್ಲದ ಅಚ್ಚನ್ನೇ ತಿಂದೆ.