ಕೆಂಚಿಯ ಪಕ್ಕ ಕೂತ ನಲ್ಲಪ್ಪ

“ಅಮ್ಮಾ, ನಲ್ಲಪ್ಪ ತಾತ ಕಾಗೆ ಓಡ್ಸೋ ಕೆಲ್ಸಕ್ಕೆ ಸೇರ್ಕೊಂಡಿದಾರಾ?”

ಸ್ಕೂಟರಿನ ಮುಂದೆ ನಿಂತಿದ್ದ ಸಂಘಮಿತ್ರ ಹೀಗೆ ಕೇಳಿದಾಗ ತನುಜ ವೇಗ ತಗ್ಗಿಸಿದಳು. ಐದು ವರ್ಷದ ಮಗು ನಿನ್ನೆ ಕಂಡದ್ದೂ ಅಷ್ಟೇ ತಾನೆ: ಜಾಲಿ ಮರದ ಕೆಳಗೆ ಮಲಗಿದ ಹಸು, ಅದರ ಹುಣ್ಣು ಕುಕ್ಕಲು ಬರುವ ಕಾಗೆಗಳಿಗೆ ಟವೆಲ್ಲು ಬೀಸುತ್ತ ಕೂತ ತಾತ.

“ಹೂಂ ಕಣಮ್ಮ, ಸದ್ಯಕ್ಕೆ ಅದೇ ಕೆಲ್ಸ,” ಎಂದಳು. ಕಾಲಬಳಿ ರಾಗಿ ಗಂಜಿಯ ಕ್ಯಾನು ಕುಲುಕುತ್ತಿತ್ತು.

ತೊಂಡೇಬಾವಿಯಾಚೆಯ ಕುರುಚಲು ಬಯಲಿಗೆ ಬೇಲಿ ಹಾಕಿ ಸಂರಕ್ಷಿತ ಪ್ರದೇಶ ಮಾಡಿದಾಗ ಮೊದಮೊದಲು ದನಗಳನ್ನು ಒಳಗೆ ಬಿಡುತ್ತಿರಲಿಲ್ಲ. ಹುಲ್ಲು ಸೊಂಟದೆತ್ತರ ಬೆಳೆದು, ಲಂಟಾನ ಹಬ್ಬಿ, ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳೇ ಜಾಗ ಬಿಟ್ಟು ಹೋದವು. ಆಮೇಲೆ ಊರವರ ಒಂದಷ್ಟು ನಾಟಿ ಹಸುಗಳನ್ನು ಅಲ್ಲಿ ಮೇಯಲು ಬಿಡುವುದೆಂದಾಯಿತು. ದಿನಾ ಬೆಳಿಗ್ಗೆ ಸುತ್ತು ಹಾಕಿ ಅವುಗಳ ಯೋಗಕ್ಷೇಮ ನೋಡುವವರು ಬೇಕಿತ್ತು. ಸಂಬಳವಿಲ್ಲದ ಆ ಕೆಲಸಕ್ಕೆ ಮೊದಲು ಕೈಯೆತ್ತಿದವರು ಬಸ್ ಡಿಪೋದ ನಿವೃತ್ತ ಮೆಕ್ಯಾನಿಕ್ ನಲ್ಲಪ್ಪ. ಅದೇ ಬೀದಿಯ ತನುಜಳನ್ನೂ ಅವರೇ ಎಳೆದುಕೊಂಡು ಬಂದರು.

“ತಲೆ ಎಣಿಸ್ಕೊಂಡು ಬಂದ್ಬಿಡೋದು ಕಂಡಕ್ಟರ್ ಕೆಲ್ಸ ಕಣಮ್ಮ,” ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದರು. “ನಾವು ಮೆಕ್ಯಾನಿಕ್ಕು. ಎಬ್ಬಿಸಿ, ನಡೆಸಿ ನೋಡ್ಬೇಕು.” ಪ್ರತಿ ಹಸುವಿನ ಬೆನ್ನ ಮೇಲೂ ಒಂದು ಸಲ ಕೈಯಾಡಿಸದೆ ಅವರು ಮನೆಗೆ ಹೋಗುತ್ತಿರಲಿಲ್ಲ.

ಹೋದ ವಾರ ನೀರಿನ ತೊಟ್ಟಿಗೆ ಒಂದು ಹಸು ಬರಲಿಲ್ಲ. ದಿನ ತುಂಬಿದ ಕೆಂಚಿ ಲಂಟಾನ ಪೊದೆಯ ಹಿಂದಕ್ಕೆ ಹೋಗಿದ್ದು ನಲ್ಲಪ್ಪನವರಿಗೆ ದೂರದಿಂದ ಕಂಡಿತ್ತು. ಅದರ ಒಡತಿ, ಊರೊಳಗಿನ ದೊಡ್ಡ ಮನೆಯ ಕದಿರಮ್ಮನಿಗೆ ಫೋನು ಮಾಡಿದರು.

“ಕರು ಹಾಕಕ್ಕೆ ಮರೆಗೆ ಹೋಗಿರ್ತದೆ ನಲ್ಲಪ್ಪ. ಹತ್ರ ಹೋಗ್ಬೇಡಿ. ಮನೆಯೋರಲ್ದೇ ಬೇರೆಯೋರು ನೋಡಿದ್ರೆ ದೃಷ್ಟಿ ಆಗ್ತದೆ. ನಾವೇ ಬರ್ತೀವಿ.”

ಯಾವ ಮನೆಯಲ್ಲಾದರೂ ಆಡುವ ಮಾತೇ ಅದು. ಆದರೆ ನಲ್ಲಪ್ಪನವರ ಕಾಲು ಅಲ್ಲಿಗೇ ನಿಂತುಬಿಟ್ಟಿತು. ಆ ದಿನ ಕದಿರಮ್ಮನ ಮನೆಯಿಂದ ಯಾರೂ ಬರಲಿಲ್ಲ. ಮರುದಿನ ನೋಡಿದರೆ ಪೊದೆಯ ಹಿಂದಿನ ಇಂಗುಗುಂಡಿಯಲ್ಲಿ ಕೆಂಚಿ ಅಡ್ಡಡ್ಡ ಬಿದ್ದಿತ್ತು. ಕರು ಅರ್ಧ ಹೊರಬಂದು ಸತ್ತಿತ್ತು. ಡಾಕ್ಟರು ಕರುವನ್ನು ಎಳೆದು ತೆಗೆದು, ಹಸುವನ್ನು ಗುಂಡಿಯಿಂದ ಜಾಲಿ ಮರದ ಕೆಳಗೆ ತರಿಸಿ, ಡ್ರಿಪ್ ಹಾಕಿ, “ಹಿಂಗಾಲಿನ ನರ ಹೋಗಿದೆ. ನಾಲ್ಕು ದಿನ ನೋಡಿ. ಏಳದಿದ್ರೆ ನರಳಿಸ್ಬೇಡಿ, ಫೋನ್ ಮಾಡಿ, ಇಂಜೆಕ್ಷನ್ ಕೊಡ್ತೀನಿ,” ಎಂದು ಹೋದರು.

ಇವತ್ತಿಗೆ ಆ ಗಡುವು ಮುಗಿದಿತ್ತು. ತನುಜ ಬಂದಾಗ ಊರಿನ ನಾಲ್ಕು ಜನ ಮೂರು ಬೊಂಬು ನಿಲ್ಲಿಸಿ, ಹಸುವಿನ ಹೊಟ್ಟೆಯಡಿ ಗೋಣಿಪಟ್ಟಿ ತೂರಿಸಿ, ಹಗ್ಗ ಜಗ್ಗುತ್ತಿದ್ದರು. ನಲ್ಲಪ್ಪ ಅದರ ಕೊರಳು ತಬ್ಬಿ ಏಳು ತಾಯಿ ಎಂದು ತೆಲುಗಿನಲ್ಲಿ ಅಂಗಲಾಚುತ್ತಿದ್ದರು: “ಲೇಮ್ಮಾ, ಲೇ ತಲ್ಲಿ.” ಮುಂಗಾಲು ನಿಂತವು. ಹಿಂಗಾಲಿನ ಗೊರಸುಗಳು ನೆಲ ತಾಗಿ ಹಾಗೇ ಮಡಚಿಕೊಂಡವು. ಮತ್ತೆ ಎತ್ತಿದರು, ಮತ್ತೆ ಮಡಚಿಕೊಂಡವು. ಹಗ್ಗ ಇಳಿಸಿ ಆ ನಾಲ್ವರು ಮುಖ ನೋಡದೆ ಹೊರಟುಹೋದರು. ತನುಜ ಬಾಯಿಗಿಟ್ಟ ಗಂಜಿಯನ್ನು ಕೆಂಚಿ ಮೂಸಲೂ ಇಲ್ಲ.

“ಬಸ್ಸಿನ ಕೆಳಗೆ ತೂರಿ ತೂರಿ ನೋಡ್ದೋನು ನಾನು,” ಎಂದರು ನಲ್ಲಪ್ಪ. “ಒಂದು ಪೊದೆ ಹಿಂದೆ ಇಣುಕಿ ನೋಡ್ಲಿಲ್ವಲ್ಲಮ್ಮ.”

“ಅವರೇ ಬೇಡ ಅಂದ್ರಲ್ಲ ಮಾವ.”

“ಅಂದ್ರು. ನಾನು ನಿಂತ್ಕೊಂಡೆ.”

ಇನ್ನು ಇಂಜೆಕ್ಷನ್ನೇ ಗತಿ ಎಂದು ತಿಳಿಸಲು ನಲ್ಲಪ್ಪ ಕದಿರಮ್ಮನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು. ಆಕೆ ಗೊಳೋ ಎಂದು ಅತ್ತಳು. ಮನೆಯಲ್ಲೇ ಹುಟ್ಟಿದ ಹಸು ಅದು. ಮೂಗು ಸೀಟಿಕೊಂಡು, “ಆದ್ಮೇಲೆ ಎತ್ತಿ ಸಾಗ್ಸೋದು ನೀವೇ ನೋಡ್ಕೊಂಬಿಡಿ ನಲ್ಲಪ್ಪ. ನಿಮ್ಮಪ್ಪಾನೂ ಬರ್ತಿದ್ರಲ್ಲ ನಮ್ಮನೆಗೆ. ನಿಮಗೆ ಗೊತ್ತಿರೋ ಕೆಲ್ಸಾನೇ,” ಎಂದಳು. ಕೆಟ್ಟ ಮನಸ್ಸಿನಿಂದ ಆಡಿದ್ದಲ್ಲ.

ನಲ್ಲಪ್ಪ ಫೋನು ಕೆಳಗಿಟ್ಟರು. ಕಾಗೆಯೊಂದು ಹಸುವಿನ ಸೊಂಟದ ಮೇಲೆ ಬಂದು ಕೂತಿತು. ಅವರ ಕೈ ಏಳಲಿಲ್ಲ. ಸಂಘಮಿತ್ರಳೇ ಹುಶ್ ಎಂದು ಓಡಿಸಿದಳು.

“ಆ ಮನೆಯಿಂದ ನಮ್ಮಪ್ಪಂಗೆ ಕರೆ ಬರ್ತಿದ್ದಿದ್ದು ದನ ಸತ್ತಾಗ ಮಾತ್ರ ಕಣಮ್ಮ. ಉಸಿರಾಡೋ ದನದ ಕೊಟ್ಟಿಗೆ ಹತ್ರ ನಿಲ್ಲಂಗೂ ಇರ್ಲಿಲ್ಲ. ಇಲ್ಲಿ ಬದುಕಿರೋದನ್ನ ಮುಟ್ಟಿ ನೋಡಕ್ಕೆ ಕರೀತಾರೆ ಅಂತ ಬಂದೆ.”

ತನುಜ ಅವರ ಕೈಗೆ ನೀರಿನ ಬಾಟಲಿ ಕೊಟ್ಟಳು. ಅವರು ಕುಡಿಯಲಿಲ್ಲ; ಕೆಂಚಿಯ ಒಣಗಿದ ಮೂತಿಗೆ ಹನಿಸಿದರು.

“ಒಂದು ಉಪಕಾರ ಮಾಡ್ತೀಯಾ ತನುಜಮ್ಮ? ಡಾಕ್ಟ್ರಿಗೆ ನೀನೇ ಫೋನ್ ಮಾಡು, ನನ್ನ ಬಾಯಲ್ಲಿ ಬರಲ್ಲ. ಸೂಜಿ ಚುಚ್ಚೋ ತನಕ ನಾನು ಇಲ್ಲೇ ಇರ್ತೀನಿ. ಆಮೇಲಿಂದು ಆ ಮನೆಯೋರು ಜೆಸಿಬಿ ತರಿಸ್ಕೊಂಡು ಇಲ್ಲೇ ಹೂಳ್ಲಿ. ನನ್ನ ಮಾತ್ರ ಅದಕ್ಕೆ ಕರೀಬೇಡಿ ಅಂತ ನೀನೇ ಹೇಳ್ಬಿಡಮ್ಮ.”