ಒಂದೇ ನೋವು ಆರಿಸಿ

ದಾಸರಹಳ್ಳಿಯ ಆರೋಗ್ಯ ಶಿಬಿರವೊಂದರಲ್ಲಿ, ಬಂದವರ ತೊಂದರೆಯನ್ನು ಟ್ಯಾಬ್‌ನಲ್ಲಿ ದಾಖಲಿಸುವುದು ನನ್ನ ಕೆಲಸವಾಗಿತ್ತು. ಮಧ್ಯಾಹ್ನದ ಹೊತ್ತಿಗೆ ನನಗೇ ಸಾಕಾಗಿತ್ತು. ಆಗ ಬಂದವರು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮಾಡುವ, ಹಾವೇರಿ ಕಡೆಯ ಒಬ್ಬ ಹೆಂಗಸು.

"ಏನ್ ತೊಂದರೆ ಅಕ್ಕಾ?"

"ಮೈಯೆಲ್ಲಾ ನೋವ್ರೀ, ಮುಟ್ಟಿದ್ರ ಸಾಕು. ವಾರಕ್ಕೆರಡು ಸಲ ಅರ್ಧ ತಲೀನೂ ಸಿಡೀತೈತಿ."

ಟ್ಯಾಬ್ ಒಂದೇ ನೋವನ್ನು ಒಪ್ಪುತ್ತಿತ್ತು. ತಲೆಗೆ ಒಬ್ಬ ಡಾಕ್ಟರು, ಮೈಗೆ ಇನ್ನೊಬ್ಬರು. "ಯಾವುದು ಜಾಸ್ತಿ?" ಎಂದೆ.

"ಎರಡೂ ಕೂಡೇ ಬರ್ತಾವ್ರೀ. ಒಂದನ್ನ ಮನ್ಯಾಗ ಬಿಟ್ಟು ಬರಾಕ ಆಕ್ಕೈತೇನು? ನಮ್ಮತ್ತಿ ಅಂತೂ ಎರಡೂ ನಾಟಕ ಅಂತಾಳ."

ಹೆಂಗಸರಲ್ಲಿ ಇಂಥ ಮೈನೋವು, ತಲೆನೋವು ಎಷ್ಟೋ ಸಲ ಜೊತೆಯಾಗಿಯೇ ಇರುತ್ತವೆ ಎಂದು ಓದಿದ್ದೆ. ಎರಡನ್ನೂ ಚೀಟಿಯಲ್ಲಿ ಬರೆದು, ಅವರನ್ನು ಹಿರಿಯ ಡಾಕ್ಟರ ಬಳಿ ನಾನೇ ಕರೆದೊಯ್ದೆ. ಡಾಕ್ಟರು ಭುಜ, ಬೆನ್ನು ಒತ್ತಿ ನೋಡಿ, ತುಂಬ ಹೊತ್ತು ವಿಚಾರಿಸಿ, "ಮೈಯೆಲ್ಲಾ ನೋಯೋ ಈ ಕಾಯಿಲೆ ಫೈಬ್ರೊಮಯಾಲ್ಜಿಯ ಅನ್ಸುತ್ತೆ, ಜೊತೆಗೆ ಮೈಗ್ರೇನ್. ಎರಡನ್ನೂ ಸೇರಿಸಿಯೇ ನೋಡ್ಬೇಕು" ಎಂದರು.

ಹೊರಗೆ ಬಂದ ಮೇಲೆ ಆಕೆ ಕೇಳಿದ್ದು ಮಾತ್ರೆಯ ಬಗ್ಗೆಯಲ್ಲ.

"ಆ ಹೆಸರನ್ನ ಕನ್ನಡದಾಗ ದಪ್ಪಗೆ ಬರದು ಕೊಡ್ರಿ. ಇಷ್ಟುದ್ದ ಹೆಸರಿನ ನಾಟಕ ನಮ್ಮತ್ತಿ ನೋಡಿಲ್ಲ."

ಬರೆದುಕೊಟ್ಟೆ. ಹೆಸರು ಒಂದು ಸಾಲಿನಲ್ಲಿ ಹಿಡಿಯಲಿಲ್ಲ.