ನಿಮಗಾದ್ರೆ ಕವರ್ ಇದೆ

ಮೊನ್ನೆ ಶನಿವಾರ ಬೆಳಿಗ್ಗೆ ಸಹಕಾರನಗರದ ಒಂದು ಸೂಪರ್ ಮಾರ್ಕೆಟ್ಟಿನ ಬಿಲ್ಲಿಂಗ್ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಇದ್ದವರು ಐವತ್ತು ದಾಟಿದ ಗೃಹಸ್ಥರು. ಅವರ ಗಾಡಿಯಲ್ಲಿ ಬಾದಾಮಿ, ಗೋಡಂಬಿ, ಹೆಸರು ಉಚ್ಚರಿಸಲು ಬಾರದ ಚೀಸು. ಕೌಂಟರಿನ ಹುಡುಗಿ "ಕ್ಯಾರಿ ಬ್ಯಾಗ್ ಬೇಕಾ ಸಾರ್? ಅದಕ್ಕೆ ಎಕ್ಸ್‌ಟ್ರಾ ಆಗತ್ತೆ" ಎಂದದ್ದೇ ತಡ, ಅವರ ಮುಖ ಕೆಂಪಾಯಿತು.

"ಇಷ್ಟೊಂದ್ ಸಾಮಾನ್ ತಗೊಂಡಿದೀನಿ, ಒಂದ್ ಬ್ಯಾಗ್ ಫ್ರೀ ಕೊಡಕ್ಕಾಗಲ್ವೇನಮ್ಮ?"

ಹುಡುಗಿ ನಕ್ಕಳೇ ಹೊರತು ಜಗ್ಗಲಿಲ್ಲ. ಆಗ ಅವರು ಕೌಂಟರಿನ ಮೇಲೆ ಬಗ್ಗಿ, ದನಿ ತಗ್ಗಿಸಿ, "ಕೆಳಗಡೆ ತೆಳು ಕವರ್ ಇಟ್ಟಿರ್ತೀರಲ್ಲ, ಅದೇ ಎರಡು ಕೊಡಿ. ನಾನ್ ಯಾರಿಗೂ ಹೇಳಲ್ಲ" ಎಂದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನಗೆ ಹಾಗಾಯಿತು. ಆತ ಕೇಳಿದ್ದು ಎರಡು ಕವರು. ನನಗೆ ಚುಚ್ಚಿದ್ದು ಆ ಕೊನೆಯ ಮಾತು. ಯಾಕೆಂದು ಹೇಳುತ್ತೇನೆ. ಮೂರು ವರ್ಷದಿಂದ ಹೆಂಡತಿಗೂ ಹೇಳದ ವಿಷಯ, ಸ್ವಲ್ಪ ಸುತ್ತಿ ಬಳಸಿ ಬಂದರೆ ಬೇಸರಿಸಬೇಡಿ.

ನಮ್ಮ ಮನೆಯ ಬಾಗಿಲ ಹಿಂದಿನ ಮೊಳೆಗೆ ಹದಿನೈದಿಪ್ಪತ್ತು ಬಟ್ಟೆ ಚೀಲಗಳು ನೇತಾಡುತ್ತಿವೆ. ಎಲ್ಲವೂ ಮದುವೆ ಮನೆಯ ತಾಂಬೂಲದ ಚೀಲಗಳು. ಒಂದರ ಮೇಲಿನ ವಧೂವರರು ಎರಡೇ ವರ್ಷಕ್ಕೆ ಬೇರೆಯಾದರು, ಚೀಲದ ಹೊಲಿಗೆ ಮಾತ್ರ ಇನ್ನೂ ಬಿಟ್ಟಿಲ್ಲ. ನಾನು ಮನೆ ಬಿಡುವಾಗಲೆಲ್ಲ ನನ್ನ ಹೆಂಡತಿ ಅಡುಗೆಮನೆಯಿಂದಲೇ "ಬ್ಯಾಗ್ ತಗೊಂಡ್ರಾ?" ಎಂದು ಕೂಗುತ್ತಾಳೆ. ನಾನು "ಹೂಂ" ಎಂದು ಬರಿಗೈಯಲ್ಲಿ ಹೊರಡುತ್ತೇನೆ. ಮರೆವು ಎಂದು ಹೇಳಿಕೊಂಡು ತಿರುಗಿದ್ದೇನೆ. ನಿಜ ಹೇಳಬೇಕೆಂದರೆ ಯಾರದೋ ಮದುವೆಯನ್ನು ತೋಳಿಗೆ ನೇತುಹಾಕಿಕೊಂಡು ಬೀದಿಯಲ್ಲಿ ನಡೆಯಲು ನನಗೆ ನಾಚಿಕೆ.

ಮೂರು ವರ್ಷದ ಹಿಂದೆ ನಮ್ಮ ಬೀದಿ ಕೊನೆಯ ಮೆಹರಮ್ಮನ ಅಂಗಡಿಯೇ ನನಗೆ ಮಾರುಕಟ್ಟೆ. ಹಾಲು, ತರಕಾರಿ, ಬೇಳೆ ಎಲ್ಲ ಸಿಗುವ ಪುಟ್ಟ ಮಳಿಗೆ. ಮೆಹರುನ್ನೀಸಾ ಎಂಬ ಹೆಸರು ಬೋರ್ಡಿನಲ್ಲಿ ಮಾತ್ರ, ಬಾಯಲ್ಲಿ ಎಲ್ಲರಿಗೂ ಅವರು ಮೆಹರಮ್ಮ. ಗಂಡ ತೀರಿಕೊಂಡ ಮೇಲೆ ಒಬ್ಬರೇ ಅಂಗಡಿ ನಡೆಸುತ್ತಿದ್ದರು. ಅಂಗಡಿಯ ಮೆಟ್ಟಿಲ ಮೇಲೆ ಹೂವಿನ ರತ್ನಮ್ಮ ಕೂರುತ್ತಿದ್ದರು, ದೇವನಹಳ್ಳಿ ಕಡೆಯವರು. ಉಳಿದ ಮಲ್ಲಿಗೆ ಹಾಲಿನ ಪ್ಯಾಕೆಟ್ಟುಗಳ ಜೊತೆ ಮೆಹರಮ್ಮನ ಫ್ರಿಜ್ಜಿನಲ್ಲಿ ಮಲಗುತ್ತಿತ್ತು, ಹಾಗಾಗಿ ನಮ್ಮ ಬೀದಿಯವರ ಬೆಳಗಿನ ಕಾಫಿಗೆ ಸ್ವಲ್ಪ ಮಲ್ಲಿಗೆಯ ವಾಸನೆ ಇರುತ್ತಿತ್ತು. ಮಧ್ಯಾಹ್ನ ಇಬ್ಬರೂ ಒಂದೇ ಡಬ್ಬಿಯಿಂದ ಉಣ್ಣುತ್ತಿದ್ದರು. ಜಗಳವೂ ದಿನಕ್ಕೊಂದಿರುತ್ತಿತ್ತು, ನೀರು ಚೆಲ್ಲಿದ್ದಕ್ಕೋ ದಾರಿಗೆ ಅಡ್ಡ ಬುಟ್ಟಿ ಇಟ್ಟಿದ್ದಕ್ಕೋ.

ಪ್ಲಾಸ್ಟಿಕ್ ನಿಷೇಧ ಬಿಗಿಯಾದಾಗ ಒಂದು ವಿಚಿತ್ರ ನಡೆಯಿತು, ನಿಮ್ಮ ಬೀದಿಯಲ್ಲೂ ನಡೆದಿರಬಹುದು. ಅಲ್ಲಿಯವರೆಗೆ ಕಸಕ್ಕೆ ಸಮವಾಗಿದ್ದ ಕವರಿಗೆ ದಿಢೀರನೆ ಮಾನ ಬಂತು. ಹೊಸ ಗಿರಾಕಿ ಕೇಳಿದರೆ ಮೆಹರಮ್ಮ "ಬ್ಯಾನ್ ಆಗಿದೆ, ಇಲ್ಲ" ಎಂದು ಗೋಡೆಯ ಚೀಟಿ ತೋರಿಸುತ್ತಿದ್ದರು. ಕೆಲವರು "ಹಾಗಾದ್ರೆ ಸಾಮಾನೂ ಬೇಡ" ಎಂದು ಟೊಮೆಟೊ ಅಲ್ಲೇ ಸುರಿದು ಹೋಗುತ್ತಿದ್ದರು. ಇನ್ನು ಕೆಲವರು ಮೊಟ್ಟೆಯನ್ನು ಜೇಬಿಗೂ ಸೌತೆಕಾಯಿಯನ್ನು ಕಂಕುಳಿಗೂ ಸೇರಿಸಿ ಸರ್ಕಸ್ಸಿನವರಂತೆ ನಡೆಯುತ್ತಿದ್ದರು. ಎಲ್ಲರೂ ಹೋದ ಮೇಲೆ ಮೆಹರಮ್ಮ ನನ್ನ ಕಡೆ ತಿರುಗಿ, ಅಕ್ಕಿ ಮೂಟೆಯ ಹಿಂದೆ ಕೈ ಹಾಕಿ, "ನಿಮಗಾದ್ರೆ ಇದೆ ಸಾರ್" ಎನ್ನುತ್ತಿದ್ದರು. ಆ ಮಾತಿಗೆ ನಾನು ಹೇಗೆ ಉಬ್ಬುತ್ತಿದ್ದೆ ಎಂದರೆ, ಮನೆಗೆ ಬರುವ ತನಕ ಇಳಿಯುತ್ತಿರಲಿಲ್ಲ. ರತ್ನಮ್ಮ ಮಾತ್ರ ಮೊದಲಿಂದಲೂ ಹೂವನ್ನು ಬಾಳೆಎಲೆಯಲ್ಲೇ ಕಟ್ಟಿಕೊಡುತ್ತಿದ್ದರು. "ಎಂಗಿದ್ರೂ ಬೀದಿಗೇ ಎಸೀತೀರ, ಯಾಕ್ ಬೇಕು ಆ ದರಿದ್ರ?" ಎಂದು ನನ್ನಂಥವರಿಗೆ ಬೈಯುತ್ತಿದ್ದರು.

ಇನ್ನೊಂದು ವಿಷಯ ಹೇಳಲೇಬೇಕು. ನಾನು ಹೈಸ್ಕೂಲಿನಲ್ಲಿ ಪೌರನೀತಿ ಕಲಿಸಿ ನಿವೃತ್ತನಾದವನು. ಅದೇ ತಿಂಗಳು ನಮ್ಮ ಪಾರ್ಕಿನಲ್ಲಿ ಬಡಾವಣೆಯವರ ಮುಂದೆ ಪ್ಲಾಸ್ಟಿಕ್ಕಿನ ವಿರುದ್ಧ ಅರ್ಧ ಗಂಟೆ ಭಾಷಣ ಮಾಡಿದ್ದೆ, ಚಪ್ಪಾಳೆಯೂ ಬಿದ್ದಿತ್ತು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಭಾಷಣವಾದ ಹತ್ತು ದಿನಕ್ಕೆ ಅದೇ ಪಾರ್ಕಿನ ಗೇಟಿನ ಮುಂದೆ ನನ್ನ ಕೈಯಲ್ಲಿ ಕವರು, ಕವರಿನಲ್ಲಿ ನಿಜವಾಗಿಯೂ ಬದನೆಕಾಯಿ, ಎದುರಿಗೆ ಸಮವಸ್ತ್ರದ ಪಾಲಿಕೆ ಮಾರ್ಷಲ್.

"ಈ ಕವರ್ ಎಲ್ಲಿ ತಗೊಂಡ್ರಿ ಸಾರ್?" ಆತ ಮರ್ಯಾದೆಯಿಂದಲೇ ಕೇಳಿದ.

ವಾಕಿಂಗ್ ಮುಗಿಸಿದ ಇಬ್ಬರು ಪರಿಚಿತರು ನಿಂತು ನೋಡುತ್ತಿದ್ದರು. ಭಾಷಣಕ್ಕೆ ಚಪ್ಪಾಳೆ ತಟ್ಟಿದವರೇ. "ನಾನು ಬೇಡ ಅಂದೆಪ್ಪ, ಅವ್ರೇ ಬಲವಂತವಾಗಿ ಹಾಕ್ಕೊಟ್ರು" ಎಂದೆ. ಕೈ ತಾನಾಗಿ ಎದ್ದು ಮೆಹರಮ್ಮನ ಅಂಗಡಿಯ ಕಡೆ ತೋರಿಸಿತು. ತಾನಾಗಿ ಎಂದೆನಲ್ಲ, ಅದೂ ಸುಳ್ಳು. ತೋರಿಸಿದ್ದು ನಾನೇ. ಅರ್ಧ ಗಂಟೆಯ ಹಿಂದೆ ಕವರು ಕೇಳಿ ಪಡೆದವನೂ ನಾನೇ.

ಮರುದಿನ ಹಾಲಿಗೆ ಹೋದಾಗ ಮೆಹರಮ್ಮನ ಮುಖ ಬಾಡಿತ್ತು. ದಂಡ ಕಟ್ಟಿದ್ದರು. ಇನ್ನೊಂದು ಸಲ ಸಿಕ್ಕಿದರೆ ಅಂಗಡಿ ಮುಚ್ಚಬೇಕಾಗುತ್ತದೆ ಎಂದು ಮಾರ್ಷಲ್‌ಗಳು ಹೆದರಿಸಿ ಹೋಗಿದ್ದರಂತೆ.

"ಪಕ್ಕದ ಬೇಕರಿಗೆ ಹೋಗಲಿಲ್ಲ ಸಾರ್, ಸೀದಾ ನನ್ ಹತ್ರ ಬಂದ್ರು. ಯಾರೋ ಹೇಳಿಕೊಟ್ಟಿದಾರೆ." ಆಮೇಲೆ ಮೆಟ್ಟಿಲ ಕಡೆ ಕಣ್ಣು ಹಾಯಿಸಿ ಪಿಸುಗುಟ್ಟಿದರು. "ಬಾಳೆಎಲೆ ತರ್ತೀನಿ ಅಂತ ಹೋದೋಳು, ಅವ್ರು ಹೋದ್ಮೇಲೇ ವಾಪಸ್ ಬಂದ್ಳು. ಬೆಳಿಗ್ಗೆ ಜಗಳ ಬೇರೆ ಆಗಿತ್ತು. ಕ್ಯಾ ಬೋಲ್ನಾ? ನನಗೆ ಅಷ್ಟೂ ಅರ್ಥ ಆಗಲ್ವಾ?"

ನಾನು ಬಾಯಿ ತೆರೆದೆ. "ಒಂದ್ ಕಟ್ಟು ಕೊತ್ತಂಬರಿ ಕೊಡಿ" ಎಂದೆ.

ಆ ಒಂದು ವಾರ ದಿನವೂ ಹಾಲಿಗೆ ಹೋದೆ. ಇವತ್ತು ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಳ್ಳುತ್ತಿದ್ದೆ, ಅಂಗಡಿಯ ಮುಂದೆ ಅದು ಚೆಲ್ಲಾಪಿಲ್ಲಿಯಾಗುತ್ತಿತ್ತು. ಅವರಿಬ್ಬರ ನಡುವೆ ಮೊದಲು ಮಾತು ನಿಂತಿತು, ಆಮೇಲೆ ಒಂದೇ ಡಬ್ಬಿಯ ಊಟ. ಎಂಟನೆಯ ದಿನ ಮೆಟ್ಟಿಲು ಖಾಲಿ. "ಎಬ್ಬಿಸ್ಬಿಟ್ಟೆ ಸಾರ್, ನಂಬಿಕೆ ಹೋದ್ಮೇಲೆ ಹೆಂಗೆ?" ಎಂದರು ಮೆಹರಮ್ಮ. ರತ್ನಮ್ಮ ವಿದ್ಯಾರಣ್ಯಪುರದ ಬಸ್ ಸ್ಟಾಪಿನಲ್ಲಿ ಬಿಸಿಲಿಗೆ ಕೂತು ಹೂ ಮಾರುತ್ತಿದ್ದಾರೆಂದು ಯಾರೋ ಹೇಳಿದರು.

ಆಮೇಲೆ ನಾನು ಆ ಬೀದಿ ಬಿಟ್ಟು ಸುತ್ತುದಾರಿ ಹಿಡಿದೆ, ಸೂಪರ್ ಮಾರ್ಕೆಟ್ಟಿನ ಗಿರಾಕಿಯಾದೆ. ಚೀಲಕ್ಕೆ ದುಡ್ಡು ಕೇಳಿದರೆ ಬೇರೆಯವರಿಗೆ ಸಿಟ್ಟು, ನನಗೆ ಒಳಗೊಳಗೇ ಸಮಾಧಾನ. ದುಡ್ಡು ಕೊಟ್ಟು ಕೊಂಡ ಚೀಲದಲ್ಲಿ ಯಾರ ನಂಬಿಕೆಯೂ ಇರುವುದಿಲ್ಲ. ಆದರೂ ರಸ್ತೆಯಲ್ಲಿ ಸಮವಸ್ತ್ರ ಕಂಡರೆ ಇವತ್ತಿಗೂ ಎದುರು ಬದಿಗೆ ದಾಟಿಬಿಡುತ್ತೇನೆ.

ಶನಿವಾರ ಆ ಸಾಲಿನಿಂದ ಸಾಮಾನು ಬಿಟ್ಟು ಹೊರಬಂದೆ. ನೇರ ಮೆಹರಮ್ಮನ ಅಂಗಡಿಗೆ ಹೋಗಿ, ಕುಶಲ ಕೇಳುವ ಮೊದಲೇ, ಇಲ್ಲದಿದ್ದರೆ ಮತ್ತೆ ಕೊತ್ತಂಬರಿ ಕೇಳಿಬಿಡುತ್ತೇನೆಂದು ಹೆದರಿ, "ಅವತ್ತು ಹೇಳಿಕೊಟ್ಟಿದ್ದು ನಾನು" ಎಂದೆ.

ಅವರು ತಕ್ಕಡಿಯಲ್ಲಿದ್ದ ಟೊಮೆಟೊವನ್ನು ವಾಪಸ್ ಬುಟ್ಟಿಗೆ ಸುರಿದರು. ಬೈದಿದ್ದರೆ ಚೆನ್ನಾಗಿತ್ತು.

"ನನಗ್ಯಾಕ್ ಹೇಳ್ತೀರ ಸಾರ್? ಬಿಸಿಲಿಗೆ ಬಿದ್ದೋಳು ಅವಳು. ನಡೀರಿ" ಎಂದು ಹಾಡಹಗಲೇ ಶಟರ್ ಎಳೆದರು. ಬಸ್ಸಿನಲ್ಲಿ ಅವರು ಮುಂದೆ, ನಾನು ಹಿಂದೆ.

ರತ್ನಮ್ಮ ಕೊಡೆಯ ಕೆಳಗೆ ಮಾಲೆ ಕಟ್ಟುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ತಡವರಿಸಿ ಎಲ್ಲ ಹೇಳಿದೆ. ಅವರ ಬೆರಳು ನಿಲ್ಲಲಿಲ್ಲ.

"ಗೊತ್ತು ಸಾರ್. ನೀವು ಪಾರ್ಕ್ ಗೇಟ್ ತಾವ ಕೈ ತೋರ್ಸ್ತಿದ್ದಾಗ ಬಾಳೆಎಲೆ ಇಡ್ಕಂಡು ನಿಮ್ ಇಂದ್ಗಡೇನೇ ನಿಂತಿದ್ದೆ."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ ನೀನು?" ಮೆಹರಮ್ಮನ ದನಿ ಒಡೆಯಿತು.

"ನಾನ್ ಯೋಳಿದ್ರೆ ನಂಬ್ತಿದ್ಯಾ? ಇವ್ರು ಮೇಷ್ಟ್ರು. ದಿನಾ ಹಾಲಿಗೆ ಬರೋರು. ಇವತ್ತು ಯೋಳ್ತಾರೆ, ನಾಳೆ ಯೋಳ್ತಾರೆ ಅಂತ ಒಂದ್ ವಾರ ಕಾದೆ."

ಮೆಹರಮ್ಮ ಫುಟ್‌ಪಾತಿನ ಮೇಲೆ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡರು. ರತ್ನಮ್ಮ ಅವರ ಮಡಿಲಿಗೆ ಒಂದು ಬೊಗಸೆ ಮೊಗ್ಗು ಸುರಿದು, "ಅಳ್ತಾ ಕೂತ್ರೆ ಯಾಪಾರ ಆಗಲ್ಲ, ಕಟ್ಟು" ಎಂದರು. ನಮ್ಮ ಕಡೆಯ ಬಸ್ಸು ಬಂತು, ಹೋಯಿತು. ಅವರಿಬ್ಬರೂ ತಲೆ ಎತ್ತಲಿಲ್ಲ. ನಾನು ನಿಂತೇ ಇದ್ದೆ. ಹೋಗಿ ಎಂದು ಯಾರೂ ಹೇಳಲಿಲ್ಲ, ಕೂತ್ಕೊಳ್ಳಿ ಎಂದೂ ಹೇಳಲಿಲ್ಲ.